ಇಂಗ್ಲಿಷ್ ಮುರಿಯುವ ಕೆಲಸ

ಇಪ್ಪತ್ತಾರು ವರ್ಷ ನಾನು ಇಂಗ್ಲಿಷ್ ಪದಗಳನ್ನು ಮುರಿದಿದ್ದೇನೆ. ಓದಿದ್ದೇನೆ ಎಂದು ಹೇಳಲಾರೆ, ಬರೆದಿದ್ದೇನೆ ಎಂದಂತೂ ಹೇಳಲೇಬಾರದು. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಒಂದು ಪ್ರೆಸ್ಸಿತ್ತು. ಅಲ್ಲಿ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವ ಕಂಪೋಸಿಟರ್ ನಾನು. ಸಾಲಿನ ಕೊನೆಗೆ ಬಂದ ಪದ ಅಲ್ಲಿ ಹಿಡಿಸದಿದ್ದರೆ ಅದನ್ನು ಎರಡು ತುಂಡು ಮಾಡಿ, ಮೊದಲ ತುಂಡಿನ ಬಾಲಕ್ಕೆ ಒಂದು ಅಡ್ಡಗೀಟು ಇಟ್ಟು, ಉಳಿದದ್ದನ್ನು ಕೆಳಗಿನ ಸಾಲಿಗೆ ದಬ್ಬಬೇಕು. ಎಲ್ಲಿ ತುಂಡು ಮಾಡಬೇಕು ಎನ್ನುವುದರಲ್ಲಿ ನನ್ನನ್ನು ಮೀರಿಸುವವರು ಈ ಕಡೆ ಕನಕಪುರದಿಂದ ಆ ಕಡೆ ಮಾಗಡಿಯವರೆಗೆ ಯಾರೂ ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಜಂಬ ಪಟ್ಟ ಕಾಲ ಒಂದಿತ್ತು, ಅದರ ಕಥೆ ಹೇಳಲೆಂದೇ ಕೂತಿದ್ದೇನೆ.

ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ನಾನು ಪ್ರೆಸ್ಸಿಗೆ ಸೇರಿದೆ. ಅಂಥವನನ್ನು ಹಿಡಿದು ಯಜಮಾನರು ಇಂಗ್ಲಿಷ್ ಮೊಳೆಗಳ ಕೇಸಿನ ಮುಂದೆಯೇ ನಿಲ್ಲಿಸಿದರು. ಓದು ಬಂದವನು ಕೆಲಸದ ನಡುವೆ ಓದುತ್ತಾ ನಿಂತುಬಿಡುತ್ತಾನೆ, ಬಾರದವನ ಕೈ ನಿಲ್ಲುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಆ ಸಿದ್ಧಾಂತಕ್ಕೆ ನನಗಿಂತ ಒಳ್ಳೆಯ ಆಳು ಸಿಗುವಂತಿರಲಿಲ್ಲ. ಚನ್ನಪಟ್ಟಣದ ಬೊಂಬೆ ವ್ಯಾಪಾರಿಗಳ ಇಂಗ್ಲಿಷ್ ಕಾಗದ, ಮಾಗಡಿಯ ಹೈಸ್ಕೂಲುಗಳ ಪ್ರಶ್ನೆಪತ್ರಿಕೆ, ಕನಕಪುರದ ಲಾಯರುಗಳ ನೋಟಿಸು, ಮುನಿಸಿಪಾಲಿಟಿಯ ಅರ್ಜಿ ನಮೂನೆ ಎಲ್ಲ ನನ್ನ ಬೆರಳ ಸಂದಿಯಿಂದಲೇ ಹೋಗಬೇಕಿತ್ತು. ಮೊಳೆಯ ಮೇಲೆ ಅಕ್ಷರ ತಿರುಗುಮುರುಗಾಗಿರುತ್ತದೆ, ನಾವು ಅದನ್ನು ತಲೆಕೆಳಗಾಗಿ ಜೋಡಿಸುತ್ತೇವೆ. ಆರು ತಿಂಗಳಿಗೆ ನನಗೆ ಅದು ನೀರು ಕುಡಿದಷ್ಟು ಸಲೀಸಾಯಿತು.

ಕನ್ನಡದಲ್ಲಿ ಮುರಿಯುವ ತಾಪತ್ರಯವಿಲ್ಲ. ನಮ್ಮಲ್ಲಿ ಒಂದು ಅಕ್ಷರವೆಂದರೆ ಒಂದು ಉಸಿರು. ಎಲ್ಲಿ ಬೇಕಾದರೂ ಮುರಿಯಿರಿ, ಓದುವವನು ಎಡವುವುದಿಲ್ಲ. ಇಂಗ್ಲಿಷಿನವರದು ಬೇರೆ ಸಂಸಾರ. 'ಎನಿ' ಎನ್ನಲು ಮೂರು ಮೊಳೆ ಸಾಕು, ಬಾಯಿ ಎರಡು ಸಲ ಆಡುತ್ತದೆ. 'ಥ್ರೂ' ಎನ್ನಲು ಏಳು ಮೊಳೆ ಬೇಕು, ಬಾಯಿ ಆಡುವುದು ಒಂದೇ ಸಲ. ಅಂಥ ಒಂದೇ ಉಸಿರಿನ ಪದವನ್ನು ಏಳಲ್ಲ, ಹತ್ತು ಅಕ್ಷರವಿದ್ದರೂ ಮುರಿಯುವ ಹಾಗಿಲ್ಲ. ಯಜಮಾನರು ಮೊದಲ ದಿನವೇ ನನ್ನ ಕೈ ಹಿಡಿದು ನನ್ನದೇ ಗದ್ದದ ಕೆಳಗೆ ಇಟ್ಟರು.

"ಈಗ ಪದ ಹೇಳ್ಲಾ. ಗದ್ದ ಎಷ್ಟು ಸಲ ಕೈಗೆ ತಗುಲ್ತದೋ ಅಷ್ಟು ತುಂಡು ಕಣ್ಲಾ."

'ಸರ್ಟಿಫಿಕೇಟ್' ಎಂದೆ. ನಾಲ್ಕು ಸಲ ತಗುಲಿತು. ಮಜವಾಗಿತ್ತು. ಆದರೆ ಹೇಳಲು ಬರುವ ಪದಕ್ಕೆ ಈ ಉಪಾಯ ಸರಿ, ಹೇಳಲೇ ಬಾರದ ಪದಕ್ಕೆ? ಅದಕ್ಕೆಂದು ಸ್ಟೂಲಿನ ಮೇಲೆ ಒಂದು ದಪ್ಪ ಇಂಗ್ಲಿಷ್ ಡಿಕ್ಷನರಿ ಇಟ್ಟಿದ್ದರು. ಅದರಲ್ಲಿ ಪ್ರತಿ ಪದದ ನಡುನಡುವೆ ಸಣ್ಣ ಚುಕ್ಕಿಗಳಿರುತ್ತಿದ್ದವು. ಚುಕ್ಕಿ ಇದ್ದಲ್ಲಿ ಮುರಿಯಬಹುದು, ಇಲ್ಲದಲ್ಲಿ ಕೂಡದು. ಪದದ ಪಕ್ಕದಲ್ಲಿ ಅರ್ಥವೂ ಇತ್ತು. ಒಂದು ದಿನ ನನ್ನ ಕಣ್ಣು ಅಲ್ಲಿಗೆ ಜಾರಿದ್ದನ್ನು ಯಜಮಾನರು ಕಂಡುಹಿಡಿದರು.

"ಚುಕ್ಕಿ ನೋಡು, ಮುಚ್ಚು. ಅರ್ಥ ಕಟ್ಕೊಂಡು ನಿಂಗೇನ್ಲಾ? ಅರ್ಥ ಬರ್ದೋನ್ಗೆ ಗೊತ್ತಿರ್ತದೆ."

ಆ ಪ್ರೆಸ್ಸಿನಲ್ಲಿ ಅದೇ ಪದ್ಧತಿಯಾಗಿಹೋಯಿತು. ಚುಕ್ಕಿ ನೋಡು, ಮುಚ್ಚು. ಆ ಡಿಕ್ಷನರಿಯನ್ನು ನೀವು ನೋಡಬೇಕಿತ್ತು. ಪದಗಳ ಮೇಲೆಲ್ಲ ನಮ್ಮ ಬೆರಳಿನ ಕಪ್ಪು ಮಸಿ ಮೆತ್ತಿಕೊಂಡು ಕಾಗದ ಮೆತ್ತಗಾಗಿತ್ತು. ಅರ್ಥವಿದ್ದ ಕಡೆ ಕೊಂಡು ತಂದ ದಿನ ಎಷ್ಟು ಬಿಳುಪಿತ್ತೋ ಅಷ್ಟೇ ಬಿಳುಪಿತ್ತು.

ಅರ್ಥ ಗೊತ್ತಿಲ್ಲದಿದ್ದರೂ ಪದಗಳ ಜೊತೆ ಅಷ್ಟು ವರ್ಷ ಬಾಳಿದ ಮೇಲೆ ಒಂದು ಬಗೆಯ ಪರಿಚಯ ಹುಟ್ಟುತ್ತದೆ. ನಾವು ಪದಗಳನ್ನು ಹಾಳೆಯಲ್ಲಿ ಅವು ಕೂರುವ ಜಾಗದಿಂದ ಗುರುತಿಸುತ್ತಿದ್ದೆವು. 'ಡಿಯರ್ ಸರ್' ಮೇಲೆ, 'ಯುವರ್ಸ್ ಫೇಯ್ತ್‌ಫುಲಿ' ಕೆಳಗೆ. 'ಹಿಯರ್‌ಬೈ' ನಡುವೆ. 'ಫೋರ್ತ್‌ವಿತ್' ಎಂದು ಒಂದು ಪದವಿತ್ತು, ಎರಡು ತುಂಡಿನದು. ಲಾಯರುಗಳ ನೋಟಿಸಿನಲ್ಲಿ ಯಾವಾಗಲೂ ಕೊನೆಯ ಸಾಲಿನಲ್ಲಿ, ಸಹಿಯ ಸ್ವಲ್ಪ ಮೇಲೆ ಬಂದು ಕೂರುತ್ತಿತ್ತು. ದೊಡ್ಡವರ ಕಾಗದ ಮುಗಿಸುವಾಗ ಹಾಕುವ ಮರ್ಯಾದೆಯ ಮಾತು ಎಂದು ನಾನು ತೀರ್ಮಾನಿಸಿಕೊಂಡಿದ್ದೆ. ಕಾಗದದ ಕೊನೆಯಲ್ಲಿ ನಾವು 'ಇಂತಿ ನಮಸ್ಕಾರಗಳು' ಎಂದು ಬರೆಯುವುದಿಲ್ಲವೇ, ಹಾಗೆ. ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ಅನಿಸಲೂ ಇಲ್ಲ.

ಬೀದಿಯವರಿಗೆ ಇದೆಲ್ಲ ಎಲ್ಲಿ ಗೊತ್ತು? ಇಂಗ್ಲಿಷ್ ಅಚ್ಚು ಮಾಡುವವನಿಗೆ ಇಂಗ್ಲಿಷ್ ಬಾರದೆ ಇರುತ್ತದೆಯೇ! ನೂಲು ಬಿಚ್ಚುವ ಸಾಬರು, ಬೊಂಬೆ ಕಡೆಯುವವರು, ಮಗ ಮಿಲಿಟರಿ ಪಟಾಲಮ್ಮಿನಲ್ಲಿದ್ದ ಒಬ್ಬ ಮುದುಕಿ, ಎಲ್ಲರೂ ತಮಗೆ ಬಂದ ಇಂಗ್ಲಿಷ್ ಕಾಗದ ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು. ನಾನು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದುತ್ತಿದ್ದೆ. ಆಮೇಲೆ ಕಾಗದದ ಅಂದ, ಮೊಹರು, ಕೇಳುವವರ ಮುಖ ಇಷ್ಟನ್ನೂ ಕೂಡಿಸಿ ಏನೋ ಒಂದು ಹೇಳಿ ಕಳಿಸುತ್ತಿದ್ದೆ. ಹೆಚ್ಚಿನ ಸಲ ಸರಿಹೋಗುತ್ತಿತ್ತು. ಸರಿಹೋಗದ್ದನ್ನು ಯಾರೂ ಬಂದು ಹೇಳುತ್ತಿರಲಿಲ್ಲ. ನಾಚಿಕೆಗೆಟ್ಟವನು ನಾನು, ಅದನ್ನು ವಿದ್ಯೆ ಎಂದುಕೊಂಡೆ.

ಎಲ್ಲರಿಗಿಂತ ಹೆಚ್ಚು ನಂಬಿದ್ದವಳು ನನ್ನ ಹೆಂಡತಿ. ಅಕ್ಕೂರಿನ ಹೆಣ್ಣು, ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಮದುವೆಯಾಗಿ ಬಂದ ಮೇಲೆ ರೇಷ್ಮೆ ನೂಲು ಬಿಚ್ಚುವ ಕಡೆ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ನಮಗೆ ಮಕ್ಕಳಾಗಲಿಲ್ಲ. ಸಂಜೆ ನಾನು ಮನೆಗೆ ಬಂದು ಕೈ ಉಜ್ಜಿ ಮಸಿ ತೊಳೆಯುವಾಗ ಅವಳದು ಒಂದೇ ಪ್ರಶ್ನೆ.

"ಇವತ್ತು ಎಂಥಾ ಪದ ಮುರುದ್ರಿ?"

ಹೇಳುತ್ತಿದ್ದೆ. ಅವಳು ಗದ್ದದ ಕೆಳಗೆ ಕೈ ಇಟ್ಟುಕೊಂಡು ಯೂ, ನಿ, ವರ್, ಸಿ, ಟಿ ಎಂದು ಎಣಿಸಿ, ಐದು ಬಂದರೆ ಕಿಲಕಿಲ ನಗುತ್ತಿದ್ದಳು. ಆಮೇಲೆ "ಹಂಗಂದ್ರೇನು?" ಎನ್ನುತ್ತಿದ್ದಳು. ಗೊತ್ತಿದ್ದರೆ ಗೊತ್ತಿದ್ದದ್ದು, ಇಲ್ಲದಿದ್ದರೆ ಬಾಯಿಗೆ ಬಂದದ್ದು. ಒಂದು ಸಲವಾದರೂ "ನಂಗೆ ಗೊತ್ತಿಲ್ಲ ಕಣೆ" ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅವಳೇನು ನನ್ನನ್ನು ಬಿಟ್ಟು ಅಕ್ಕೂರಿಗೆ ಹೊರಟುಹೋಗುತ್ತಿದ್ದಳೇ? ಆದರೂ ಹೇಳಲಿಲ್ಲ. ಇಡೀ ರಾಮನಗರದಲ್ಲಿ ನನ್ನನ್ನು ಪಂಡಿತನ ಹಾಗೆ ನೋಡುವ ಒಂದು ಜೊತೆ ಕಣ್ಣು ಮನೆಯಲ್ಲೇ ಇತ್ತು, ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಅವಳಿಗೆ ಹೊಟ್ಟೆನೋವು ಶುರುವಾದದ್ದು ಒಂದು ಮಳೆಗಾಲದಲ್ಲಿ. ಊಟ ಸೇರುತ್ತಿರಲಿಲ್ಲ, ರವಿಕೆ ಸಡಿಲವಾಗುತ್ತಾ ಬಂತು. ಚನ್ನಪಟ್ಟಣದ ಡಾಕ್ಟರು ಒಂದು ತಿಂಗಳು ಔಷಧಿ ಕೊಟ್ಟು ನೋಡಿ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಹೊಟ್ಟೆಯ ಒಳಗಿನಿಂದ ಒಂದು ಚೂರು ಮಾಂಸ ತೆಗೆದುಕೊಂಡು, "ರಿಪೋರ್ಟು ಪೋಸ್ಟಿನಲ್ಲಿ ಬರುತ್ತೆ. ಬಂದ ಕೂಡಲೆ ನಿಮ್ಮ ಡಾಕ್ಟರಿಗೆ ತೋರಿಸಿ" ಎಂದರು. ಮೂರು ವಾರಕ್ಕೆ ಉದ್ದನೆಯ ಕವರು ಬಂತು. ಅದು ಯಾವ ವಾರವೋ ಮರೆತಿದ್ದೇನೆ. ನಾನು ಮಧ್ಯಾಹ್ನದ ಊಟಕ್ಕೆ ಬಂದಿದ್ದೆ ಎನ್ನುವುದು ಮಾತ್ರ ನೆನಪಿದೆ. ಪಕ್ಕದ ಮನೆಯ ಇಬ್ಬರು ಹೆಂಗಸರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಕವರನ್ನು ನನ್ನ ಕೈಗಿಟ್ಟಳು.

"ಡಾಕ್ಟ್ರತ್ರ ನಾಳಿಕ್ಕೆ ಹೋಗಾನ. ಈಗ ಏನ್ ಬರ್ದವ್ರೆ ಒಸಿ ಓದಿ. ನನ್ಗೆ ಎದೆ ಡವಡವ ಅಂತೈತೆ."

ಓದಿದೆ. ಒಂದು ಹಾಳೆ, ಟೈಪು ಮಾಡಿದ್ದು. ಅವಳ ಹೆಸರು, ವಯಸ್ಸು, ಹೊಟ್ಟೆಗೆ ಅವರು ಹೇಳುವ ಪದ ಇಷ್ಟು ಗುರುತು ಹತ್ತಿತು. ನಡುವೆ 'ಕಾರ್ಸಿನೋಮ' ಎಂದು ಒಂದು ಪದವಿತ್ತು, ನಾನು ಎಂದೂ ಜೋಡಿಸಿರದ ಪದ. ಕೊನೆಯ ಸಾಲಿನಲ್ಲಿ, ಸಹಿಯ ಮೇಲೆ, ನನ್ನ ಹಳೆಯ ಪರಿಚಯದ 'ಫೋರ್ತ್‌ವಿತ್' ಕೂತಿತ್ತು. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಮರ್ಯಾದೆಯಿಂದ ಮುಗಿಸಿದ್ದಾರೆ, ಕೆಟ್ಟದ್ದೇನೂ ಇರಲಾರದು ಎಂದುಕೊಂಡೆ. ಅವರೆಕಾಯಿ ಸುಲಿಯುತ್ತಿದ್ದ ಕೈಗಳು ನಿಂತಿದ್ದವು. ಮೂರು ಹೆಂಗಸರು ನನ್ನ ಬಾಯಿ ನೋಡುತ್ತಿದ್ದರು.

"ಏನಿಲ್ಲ ಕಣೆ. ಹೊಟ್ಟೇಲಿ ಹುಣ್ಣಾಗೈತಂತೆ. ಖಾರ ಬುಟ್ಟು, ಒಸಿ ಸುಧಾರಿಸ್ಕೊಂಡ್ರೆ ವಾಸಿಯಾಯ್ತದೆ ಅಂತ ಬರ್ದವ್ರೆ."

ಅವಳು ಅಲ್ಲೇ ಗೋಡೆಗೆ ಒರಗಿ ಕೂತು ಅತ್ತುಬಿಟ್ಟಳು. ಖುಷಿಗೆ ಅತ್ತದ್ದು. "ನಾ ಎಲ್ಲೋ ಸತ್ತೇ ಹೋಯ್ತೀನಿ ಅನ್ಕಂಡಿದ್ದೆ" ಎಂದಳು. ಡಾಕ್ಟರ ಹತ್ತಿರ ಹೋಗುವ ಮಾತನ್ನು ಅವಳೇ ಕೈಬಿಟ್ಟಳು. ಅದೇ ಹುಣ್ಣು ತಾನೆ, ಅವರು ಮೊದಲೇ ಕೊಟ್ಟ ಔಷಧಿ ಇದೆಯಲ್ಲ ಎಂದಳು. ಬೇಡ, ತೋರಿಸಿಯೇ ಬರೋಣ ಎಂದು ನಾನು ಹೇಳಲಿಲ್ಲ. ನಾನು ಓದಿ ಹೇಳಿದ ಮೇಲೆ ಇನ್ನೊಬ್ಬರಿಂದ ಓದಿಸುವುದೇ?

ಹಾಗಂತ ನನ್ನ ಮನಸ್ಸು ಒಳಗೊಳಗೆ ಕಚ್ಚದೆ ಇರಲಿಲ್ಲ. ಮಾರನೇ ದಿನ ಕಾಗದವನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಪ್ರೆಸ್ಸಿಗೆ ಹೋದೆ. ಕೆಲಸದ ಪದವೊಂದನ್ನು ನೋಡುವವನ ಹಾಗೆ ಡಿಕ್ಷನರಿ ತೆರೆದು ಆ ಪದ ಹುಡುಕಿದೆ, ಸಿಕ್ಕಿತು. ಕಾರ್, ಸಿ, ನೋ, ಮ. ಮೂರು ಚುಕ್ಕಿ, ನಾಲ್ಕು ತುಂಡು. ಮುಚ್ಚಿದೆ. ನಂಬುತ್ತೀರೋ ಬಿಡುತ್ತೀರೋ, ಮುಚ್ಚಿಬಿಟ್ಟೆ! ಇಪ್ಪತ್ತು ವರ್ಷದ ಅಭ್ಯಾಸ, ಕಣ್ಣು ಚುಕ್ಕಿಗಳನ್ನು ಎಣಿಸಿದ್ದೇ ತಡ, ಕೈ ತಾನಾಗಿ ಪುಸ್ತಕ ಮುಚ್ಚಿತು. ಪದ ಸಿಕ್ಕಿತು, ಎಲ್ಲಿ ಮುರಿಯಬೇಕೆಂದು ಗೊತ್ತಾಯಿತು, ಇನ್ನೇನು ಬೇಕು ಎನ್ನುವ ನೆಮ್ಮದಿ. ಎರಡನೇ ಸಲ ತೆರೆಯಬಹುದಿತ್ತು. ಯಜಮಾನರು ನಾಲ್ಕು ಹೆಜ್ಜೆ ದೂರದಲ್ಲಿ ಪ್ರೂಫ್ ನೋಡುತ್ತಾ ಕೂತಿದ್ದರು, ಅವರನ್ನು ಕೇಳಬಹುದಿತ್ತು. ಇಷ್ಟು ವರ್ಷ ಆದ್ಮೇಲೂ ಇದು ಗೊತ್ತಿಲ್ವೇನ್ಲಾ ಎಂದಾರು ಎಂದು ಕೇಳಲಿಲ್ಲ. ಮೂರು ದಿನಕ್ಕೆಲ್ಲ ನನ್ನ ಸುಳ್ಳನ್ನು ನಾನೇ ನಂಬಿದ್ದೆ. ಕಾಗದ ಟ್ರಂಕು ಸೇರಿತು.

ಆಮೇಲಿನ ಎರಡು ಮೂರು ತಿಂಗಳು ನಾವು ಹೊಸದಾಗಿ ಮದುವೆಯಾದವರ ಹಾಗೆ ಇದ್ದೆವು. ಹೇಳಲು ನಾಚಿಕೆಯಾಗುತ್ತದೆ, ನನ್ನ ಬದುಕಿನಲ್ಲಿ ಅಷ್ಟು ಹಗುರವಾಗಿದ್ದ ಕಾಲ ಬೇರೆ ಇಲ್ಲ. ದೊಡ್ಡ ಗಂಡಾಂತರ ಕಳೆಯಿತು ಎಂಬ ಖುಷಿ ನನಗೆ. ಇನ್ನು ಬಿಸಿನೀರಿನ ಮುಂದೆ ಕೂರಬೇಡ ಎಂದು ಕೆಲಸ ಬಿಡಿಸಿದೆ. ಒಂದು ಭಾನುವಾರ ರೈಲಿನಲ್ಲಿ ಬಿಡದಿಗೆ ಕರೆದುಕೊಂಡು ಹೋಗಿ ತಟ್ಟೆ ಇಡ್ಲಿ ತಿನ್ನಿಸಿದೆ. ಅರ್ಧ ಇಡ್ಲಿ ತಿಂದು ಇನ್ನರ್ಧ ನನ್ನ ತಟ್ಟೆಗೆ ಹಾಕಿದಳು. ಇನ್ನೊಂದು ಭಾನುವಾರ ಕನಕಪುರದಲ್ಲಿದ್ದ ಅವಳ ಅಕ್ಕನ ಮನೆ. ಸಂಜೆ ಬರುವಾಗ ಮೊಳ ಮಲ್ಲಿಗೆ. ಮದುವೆಯಾದ ಹೊಸದರಲ್ಲೂ ನಾನು ಹೂ ತಂದವನಲ್ಲ. "ಏನ್ ಇವ್ರು, ಮುದುಕ್ರಾದ್ಮೇಲೆ ಹಿಂಗಾಗವ್ರೆ" ಎಂದು ಪಕ್ಕದ ಮನೆಯವರ ಹತ್ತಿರ ಆಡಿಕೊಂಡು ನಗುತ್ತಿದ್ದಳು. ನೋವು ಹಾಗೇ ಇತ್ತು. ಹುಣ್ಣು ಮಾಯಲು ಹೊತ್ತು ಬೇಕು ಎಂದು ನಾನೇ ಧೈರ್ಯ ಹೇಳುತ್ತಿದ್ದೆ.

ಒಂದು ಬೆಳಿಗ್ಗೆ ಮುಖ ತೊಳೆಯುತ್ತಾ ರಕ್ತ ವಾಂತಿ ಮಾಡಿಕೊಂಡು ಕುಸಿದು ಕೂತಳು. ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, "ರಿಪೋರ್ಟು ಬರಲೇ ಇಲ್ವೇನ್ರಿ?" ಎಂದರು. ಅವಳೇ ಚೀಲದಿಂದ ಕಾಗದ ತೆಗೆದು ಕೊಟ್ಟಳು. ಅವರು ಅದನ್ನು ಓದಲು ತೆಗೆದುಕೊಂಡದ್ದು ಹತ್ತು ಎಣಿಸುವಷ್ಟು ಹೊತ್ತು.

"ಇದು ಬಂದು ಎಷ್ಟು ದಿನ ಆಯ್ತು?"

"ಮೂರ್ ತಿಂಗ್ಳು ಆಗಿರ್ಬೇಕು ಸಾರ್" ಎಂದೆ.

"ಯಾರು ಓದಿದ್ರು ಇದನ್ನ?"

ಅವಳು ಅಷ್ಟು ಸಂಕಟದಲ್ಲೂ ತಲೆಯೆತ್ತಿ, "ಇವ್ರೇ ಓದಿದ್ರು ಸಾರ್. ಇವ್ರಿಗೆ ಇಂಗ್ಲಿಷ್ ಬತ್ತದೆ" ಎಂದಳು. ಆ ದನಿಯಲ್ಲಿ ಇದ್ದದ್ದು ಹೆಮ್ಮೆ.

ಡಾಕ್ಟರು ಅವಳನ್ನು ಹೊರಗೆ ಕೂರಿಸಿ ನನ್ನೊಬ್ಬನಿಗೆ ಕನ್ನಡದಲ್ಲಿ ಎಲ್ಲ ಬಿಡಿಸಿ ಹೇಳಿದರು. ಕ್ಯಾನ್ಸರು. ಆಗಲೇ ಹೋಗಿದ್ದರೆ ಆಪರೇಷನ್ ಮಾಡುತ್ತಿದ್ದರು. "ಉಳೀತಿದ್ರು ಅಂತ ನಾನು ಹೇಳಕ್ಕಾಗಲ್ಲ. ಆದ್ರೆ ಮಾಡ್ತಿದ್ರು" ಎಂದರು. ಬೆಂಗಳೂರಿಗೆ ಮತ್ತೆ ಹೋದೆವು. ಅಲ್ಲಿ ಎರಡು ದಿನ ಇಟ್ಟುಕೊಂಡು ನೋಡಿ, ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರು.

ರಜಾ ಕೇಳಲು ಪ್ರೆಸ್ಸಿಗೆ ಹೋದ ದಿನ ಸ್ಟೂಲಿನ ಮುಂದೆ ನಿಂತು ಡಿಕ್ಷನರಿ ತೆರೆದೆ. ಚುಕ್ಕಿಗಳಿದ್ದ ಜಾಗದಿಂದ ಒಂದು ಬೆರಳಗಲ ಆಚೆಗೆ, ಅರ್ಥದ ಮೊದಲ ಸಾಲಿನಲ್ಲೇ, ಕ್ಯಾನ್ಸರ್ ಎಂಬ ಪದವಿತ್ತು. ಆ ಪದ ನನಗೂ ಗೊತ್ತಿತ್ತು, ಬೀದಿಯ ಮಕ್ಕಳಿಗೂ ಗೊತ್ತಿರುವ ಪದ. ಪುಟ ತಿರುವಿ 'ಫೋರ್ತ್‌ವಿತ್' ನೋಡಿದೆ. ಅದಕ್ಕೆ ಕೊಟ್ಟಿದ್ದ ಅರ್ಥ ಎಷ್ಟು ಸಣ್ಣದಿತ್ತೆಂದರೆ, ಎರಡು ಸಲ ಡುಮ್ಕಿ ಹೊಡೆದವನಿಗೂ ತಿಳಿಯುವಂತಿತ್ತು. ಕೂಡಲೇ. ತಡಮಾಡದೆ. ಅಷ್ಟು ವರ್ಷ ಅಷ್ಟು ಜನಕ್ಕೆ ನಾನು ಆ ಮಾತನ್ನು ಅಚ್ಚು ಮಾಡಿ ಕಳಿಸಿದ್ದೆ. ಯಜಮಾನರು ದೂರದಿಂದ "ಏನ್ ಪದ ಕಣ್ಲಾ ಅದು?" ಎಂದರು. ಏನಿಲ್ಲ ಎಂದು ಹೇಳಿ ಹೊರಗೆ ಬಂದು ಚರಂಡಿಯ ಪಕ್ಕ ಕೂತು ಅತ್ತೆ. ದಾರಿಯಲ್ಲಿ ಹೋಗುವವರು ನೋಡಿದರು. ನೋಡಿಕೊಳ್ಳಲಿ ಎಂದು ಅತ್ತೆ.

ಆ ವಾರ ಅಕ್ಕೂರಿನಿಂದ ಅವಳ ತಮ್ಮ ಬಂದ. ಡಾಕ್ಟರ ಹತ್ತಿರ ಹೋಗಿ ಎಲ್ಲ ಕೇಳಿಕೊಂಡೇ ಬಂದಿದ್ದ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೂಗಾಡತೊಡಗಿದ.

"ಕ್ಯಾನ್ಸರ್ ಅಂತ ಬರ್ದಿರೋ ಕಾಗ್ದವ ಮೂರ್ ತಿಂಗ್ಳು ಟ್ರಂಕಲ್ಲಿ ಮಡ್ಗಿದ್ರಲ್ಲ ಭಾವ! ಓದಕ್ ಬರಲ್ವಾ ನಿಮ್ಗೆ? ಬರಲ್ಲ ಅಂದಿದ್ರೆ ಯಾರ್ನಾರ ಕೇಳ್ತಿರ್ಲಿಲ್ವಾ?"

ಸರಿಯಾದ ಜಾಗಕ್ಕೇ ಹೊಡೆದಿದ್ದ. ರೋಗದ ಹೆಸರು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಮಂಚದ ಮೇಲೆ ಮಲಗಿದ್ದವಳು ನನ್ನ ಕಡೆ ತಿರುಗಿ ನೋಡಿದಳು. ನಾನು ಬಾಯಿ ತೆರೆದೆ. ಬರಲ್ಲ ಕಣಪ್ಪ, ನಂಗೆ ಓದಕ್ ಬರಲ್ಲ ಎಂದು ಹೇಳುವುದಕ್ಕೇ ತೆರೆದೆ. ಅಷ್ಟರಲ್ಲಿ ಅವಳು ಕೈ ಎತ್ತಿ ತಮ್ಮನನ್ನು ತಡೆದಳು.

"ಅವ್ರನ್ನ ಏನೂ ಅನ್ಬ್ಯಾಡ ಕಣಪ್ಪ. ಓದ್ದಾಗ್ಲೇ ಅವ್ರಿಗೆ ಗೊತ್ತಾಗೈತೆ, ಇದು ವಾಸಿಯಾಗೋದಲ್ಲ ಅಂತ. ಆಪ್ರೇಸನ್ನು ಅದೂ ಇದೂ ಅಂತ ಕುಯ್ಸ್ಕೊಂಡು ನಾ ಯಾಕ್ ನರಳ್ಬೇಕು ಅಂತ ಹುಣ್ಣು ಅಂದವ್ರೆ. ನಗ್ತಾ ನಗ್ತಾ ಹೇಳುದ್ರು ಕಣಪ್ಪ. ಇಲ್ದಿದ್ರೆ ಅವ್ರು ಹೂ ತರೋರಾ? ಬಿಡದಿಗೆ ಕರ್ಕೊಂಡ್ ಹೋಗೋರಾ? ಈಗ ಗೊತ್ತಾಯ್ತದೆ ನಂಗೆ."

ಅವನ ಕೋಪ ಅಲ್ಲೇ ಇಳಿದುಹೋಯಿತು. ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತು ಭಾವ" ಎಂದು ಬಿಕ್ಕಿದ. ನಾನು ತೆರೆದ ಬಾಯಿ ಮುಚ್ಚಿದೆ.

ಅವಳು ಅದಾಗಿ ಐದು ವಾರ ಬದುಕಿದ್ದಳು. ಈಗಲೂ ಅಕ್ಕೂರಿಗೆ ಹೋದರೆ ನನಗೆ ಮೊದಲ ಎಲೆ ಹಾಕುತ್ತಾರೆ. ಹೆಂಡತಿಯ ಸಾವನ್ನು ಮೂರು ತಿಂಗಳು ಒಬ್ಬನೇ ಎದೆಯಲ್ಲಿಟ್ಟುಕೊಂಡವನು ಎಂದು ಹೊಸ ಸೊಸೆಯರಿಗೆ ತೋರಿಸುತ್ತಾರೆ. ನಾನು ತಲೆ ತಗ್ಗಿಸಿ ಉಣ್ಣುತ್ತೇನೆ, ಅದನ್ನೂ ಅವರು ಒಳ್ಳೆಯತನ ಎಂದುಕೊಳ್ಳುತ್ತಾರೆ. ಇದನ್ನಾದರೂ ಹೇಗೋ ಸಹಿಸಬಹುದು. ಸಹಿಸಲಾಗದ್ದು ಕೊನೆಯ ವಾರದ ಒಂದು ಮಧ್ಯಾಹ್ನ. ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದೆ. ಮನೆಯಲ್ಲಿ ನಾವಿಬ್ಬರೇ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು, ಹಿಡಿತದಲ್ಲಿ ಬಲವೇ ಇರಲಿಲ್ಲ.

"ಅಷ್ಟು ದಿನ ನನ್ಗೆ ಗೊತ್ತಾಗ್ದಂಗೆ ಒಬ್ರೇ ಹೆಂಗ್ ತಡ್ಕೊಂಡ್ರಿ?"

ಹೇಳಲು ಅದೊಂದೇ ಅವಕಾಶ ಉಳಿದಿತ್ತು. ಅದು ನನಗೂ ಗೊತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೆಂಗೋ ತಡ್ಕೊಂಡೆ ಕಣೆ" ಎಂದೆ.